ಇಲಿ ಬಿಟ್ಟ ಹಲಗೆ

ಗೋದಾಮಿನ ಬಾಗಿಲು ತೆರೆದದ್ದೇ ತಡ, ಬೀಗದಣ್ಣ ಮೂಗು ಮುಚ್ಚಿಕೊಂಡು ಹೊರಗೋಡಿ ಗೋಡೆಯ ಮಗ್ಗುಲಲ್ಲಿ ವಾಂತಿ ಮಾಡಿಕೊಂಡ.

ಒಳಗೆ ಎಲ್ಲಿ ನೋಡಿದರೂ ಹುಳ. ಅಬ್ಬಬ್ಬಾ, ಬಿಳಿ ಬಿಳಿ ಹುಳ! ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಅರೆದು, ಮರಗೆಣಸಿನ ಹಿಟ್ಟಿನ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆಗಳವು. ಮರ ಕಡಿಯದೆ, ವಿಷ ಬೆರೆಸದೆ, ಮಕ್ಕಳ ತೊಟ್ಟಿಲಿಗೆಂದೇ ಮಾಡಿದ್ದು ಎಂದು ಕಾರ್ಖಾನೆಯವರು ಡಂಗುರ ಹೊಡೆದದ್ದೇ ಹೊಡೆದದ್ದು. ಒಂದು ವಾರ ಕೆಲಸಕ್ಕೆ ರಜೆಯಿತ್ತು. ಅಷ್ಟರಲ್ಲಿ ಯಾರೋ ಅವುಗಳ ಮೇಲೆ ಕಾಕಂಬಿ ಸುರಿದಿದ್ದರು—ಸಕ್ಕರೆ ಗಿರಣಿಯಲ್ಲಿ ಕಡೆಗೆ ಉಳಿಯುವ ಆ ಕಪ್ಪು ಪಾಕ. ಹಲಗೆಗಳು ಉಬ್ಬಿ, ಕೊಳೆತು, ನೊರೆ ಬಿಟ್ಟಿದ್ದವು. ಇಲಿ, ಜಿರಲೆ, ನೊಣಗಳಿಗೆ ಔತಣವೋ ಔತಣ.

ಇನ್‌ಸ್ಪೆಕ್ಟರಮ್ಮ ಕರ್ಚೀಫು ಮೂಗಿಗೊತ್ತಿಕೊಂಡು ನಿಂತರು. ಪೊಲೀಸ್ ಕೆಲಸದಿಂದ ನಿವೃತ್ತರಾದವರು, ಕಾರ್ಖಾನೆ ತಮ್ಮನದು. ಅವನೇ ಫೋನ್ ಮಾಡಿ ಕರೆಸಿಕೊಂಡಿದ್ದ.

“ಯಾರ ಮೇಲೆ ಅನುಮಾನ?”

“ಅನುಮಾನ ಏನು ಬಂತಕ್ಕ? ಇವಳೇ!”

ಬೆರಳು ಹೋದದ್ದು ಅಂಟು ಕಾಯಿಸುವವಳ ಕಡೆಗೆ. ಎಲ್ಲರ ಬಾಯಲ್ಲೂ ಅವಳು ಅಂಟಮ್ಮ. ಮನೆಯಲ್ಲಿ ಎದೆಹಾಲು ಕುಡಿಯುವ ಮಗು. ಅವಳನ್ನು ಹಿಡಿದೊಯ್ಯಲು ಠಾಣೆಯಿಂದ ಜೀಪು ಆಗಲೇ ಹೊರಟಿತ್ತು. 

“ಕಾಕಂಬಿ ಪೀಪಾಯಿ ಇರೋದು ಇವಳ ಅಂಟಿನ ಕೋಣೆಲಿ. ಬೀಗದ ಕೈ ಇರೋದು ಇವಳ ಸೋದರಮಾವನ ಸೊಂಟದಲ್ಲಿ,” ಎಂದು ತಮ್ಮ ಬೀಗದಣ್ಣನನ್ನು ತೋರಿಸಿದ. “ರಜೆಗೆ ಮುಂಚೆ ಬೈದಿದ್ದೆ. ಆ ಸೇಡು. ನೀನೊಂದು ಮಾತು ಹೇಳಿಬಿಡು, ಠಾಣೆಯವರು ಎರಡು ಮಾತಾಡಲ್ಲ.”

“ಯಾಕೆ ಬೈದೆ?”

“ಅದೆಲ್ಲ ಈಗ ಯಾಕಕ್ಕ?”

“ನಾನು ಹೇಳ್ತೀನಮ್ಮ,” ಎಂದಳು ಅಂಟಮ್ಮ. “ಭಾರ ಬಿದ್ರೆ ಹಲಗೆ ಮುರೀತವೆ, ತೊಟ್ಟಿಲಿಗೆ ಆಗಲ್ಲ, ಅಂಟಿನ ಹದ ಇನ್ನೂ ಸರಿ ಮಾಡೋಣ ಅಂದೆ. ಅಷ್ಟಕ್ಕೇ ಮೈಮೇಲೆ ಬಿದ್ದ ಹಾಗೆ ಬಂದ್ರು.”

“ಬಾಯಿ ನೋಡಿದ್ಯಾ ಅಕ್ಕ? ಸ್ಯಾಂಪಲ್ ನೋಡಿ ಆರ್ಡರ್ ಕೊಟ್ಟ ತೊಟ್ಟಿಲು ಕಂಪನಿಯವರು ಇವತ್ತು ಬಂದು, ಕೈಗೆ ಸಿಕ್ಕಿದ ಹಲಗೆ ಎತ್ತಿ ಮುರಿದು ನೋಡೋರಿದ್ರು. ಈಗ ಏನು ತೋರಿಸ್ಲಿ? ಪುಣ್ಯಕ್ಕೆ ಗೋದಾಮಿಗೆ ಬೀಗ ಹಾಕೋ ಮುಂಚೆನೇ ಆ ಸ್ಯಾಂಪಲ್ ಹಲಗೆಗೆ ಟಾರ್ಪಾಲ್ ಹೊದಿಸಿದ್ದೆ. ಅದೊಂದು ಬಚಾವು.”

ಇನ್‌ಸ್ಪೆಕ್ಟರಮ್ಮ ಒಳಗೆ ಹೋದರು. ಚಪ್ಪಲಿ ನೆಲಕ್ಕೆ ಅಂಟಿ ಪಚಪಚ ಎಂದಿತು. ಕಾಲಡಿಯಲ್ಲಿ ಏನೋ ಪಿಚಕ್ಕೆಂದಿತು—ಛೀ! ಹಲ್ಲು ಕಚ್ಚಿಕೊಂಡು ಟಾರ್ಪಾಲ್ ಎತ್ತಿದರು. ಮೂಲೆಯಲ್ಲಿ ಇಲಿ ಕಡಿದ ದೊಡ್ಡ ತೂತು. ಒಳಗೆ ಹಲಗೆಗಳ ಮೇಲೆಲ್ಲ ಇಲಿಯ ಹಿಕ್ಕೆ. ಆದರೆ ಹಲಗೆಯಲ್ಲಿ ಒಂದು ಹಲ್ಲಿನ ಗುರುತೂ ಇಲ್ಲ. ಬಗ್ಗಿ ಮೂಸಿದರು. ಮೂಗಿನ ತುದಿ ಚುರ್ರೆಂದಿತು.

“ಬೀಗ ಹಾಕೋವಾಗ ಈ ಟಾರ್ಪಾಲ್ ಇಲ್ಲಿತ್ತೇನಪ್ಪ?”

ಬೀಗದಣ್ಣ ಯಜಮಾನನ ಮುಖ ನೋಡಿದ. ಆಮೇಲೆ ಸೋದರಸೊಸೆ ಅಂಟಮ್ಮನ ಮುಖ ನೋಡಿದ. “ಇಲ್ಲಮ್ಮ. ಅಂಗಳದಲ್ಲಿ ಹೊಟ್ಟಿನ ರಾಶಿ ಮೇಲಿತ್ತು. ಬೀಗ ಹಾಕಿದ ಮೇಲೆ ನಾನೇ ಅದು ಹಾರದ ಹಾಗೆ ಕಲ್ಲು ಹೇರಿ ಹೋದೆ.”

“ಬೀಗದ ಕೈ ಎಷ್ಟಿವೆ?”

“ಎರಡು. ನಂದೊಂದು, ಯಜಮಾನ್ರದ್ದೊಂದು.”

“ಅಂಟಮ್ಮ, ಈ ಸ್ಯಾಂಪಲ್ಲಿಗೆ ಅಂಟು ಕಾಯಿಸಿದ್ದು ನೀನೇನಾ?”

“ಅಲ್ಲಮ್ಮ. ಆವತ್ತು ಯಜಮಾನ್ರೇ, ಮಗು ನೋಡ್ಕೊ ಹೋಗು ಅಂತ ಮನೆಗೆ ಕಳಿಸಿದ್ರು. ಎಷ್ಟು ಒಳ್ಳೆಯವರು ಅಂದ್ಕೊಂಡೆ.”

ತಮ್ಮ ನಕ್ಕ. “ಅಕ್ಕ, ಬೆಟ್ಟ ಅಗೆದು ಇಲಿ ಹಿಡೀತಿದ್ದೀಯ ನೀನು!”

“ಹಿಡಿಯೋದೇನು ಬಂತೋ? ಇಲಿ ಆಗ್ಲೇ ಸಾಕ್ಷಿ ಹೇಳಿ ಹೋಗಿದೆ.”

ಸ್ಯಾಂಪಲ್ ಹಲಗೆಯ ಚೂರೊಂದನ್ನು ಅಂಟಿನ ಕೋಣೆಯಲ್ಲಿ ಕುದಿಯುವ ನೀರಿಗೆ ಹಾಕಿಸಿದರು. ಮರಗೆಣಸಿನ ಅಂಟಾಗಿದ್ದರೆ ಗಂಜಿಯ ವಾಸನೆ ಬರಬೇಕಿತ್ತು. ಬಂದದ್ದು ಕಣ್ಣು ಉರಿಸುವ ಘಾಟು. ಅಂಟಮ್ಮ ಕೆಮ್ಮಿ ಕೆಮ್ಮಿ ಹಿಂದೆ ಸರಿದಳು. ತಮ್ಮನ ಮುಖದ ಬಣ್ಣ ಇಳಿಯಿತು.

“ಟಾರ್ಪಾಲ್ ಇತ್ತು, ಅದಕ್ಕೇ ಉಳೀತು ಅಂತ ಎಲ್ಲರೂ ಅಂದ್ಕೊಂಡ್ರಿ,” ಎಂದರು ಇನ್‌ಸ್ಪೆಕ್ಟರಮ್ಮ. “ಇಲಿ ಟಾರ್ಪಾಲ್ ಕಡಿದು ಒಳಗೆ ಹೋಗಿದೆ. ಹಲಗೆ ಮೇಲೆಲ್ಲ ಓಡಾಡಿದೆ. ಕಚ್ಚಿಲ್ಲ. ಯಾಕೆ? ಇದು ಹಿಟ್ಟಿನ ಅಂಟಲ್ಲ, ಅಂಗಡಿಯ ವಿಷದ ಅಂಟು. ಗಟ್ಟಿ ಇರ್ಲಿ ಅಂತ ಇದನ್ನ ತೋರಿಸಿ ಆರ್ಡರ್ ಹಿಡಿದೆ. ಇವತ್ತು ಅವರು ಮಿಕ್ಕ ಹಲಗೆ ಮುರಿದು ನೋಡಿದ್ರೆ ಬಣ್ಣ ಬಯಲಾಗ್ತಿತ್ತು. ಅದಕ್ಕೇ ರಜೆಯಲ್ಲಿ ನಿನ್ನ ಬೀಗದ ಕೈ ತಗೊಂಡು ಬಂದು, ಅವನ್ನೆಲ್ಲ ಕೊಳೆಸಿದೆ. ಸೇಡಿಗೆ ಬಂದವಳಾಗಿದ್ರೆ ಮೊದಲು ಈ ಸ್ಯಾಂಪಲ್ಲನ್ನೇ ಹಾಳು ಮಾಡ್ತಿದ್ಳು. ಅಂಗಳದಿಂದ ಟಾರ್ಪಾಲ್ ತಂದು ಹೊದಿಸ್ತಿದ್ಳೇನೋ?”

“ಅಕ್ಕ... ಮೆಲ್ಲಗೆ. ಮುಂದಿನ ಸಲ ಹಲಗೆನೆಲ್ಲ ಆ ಗಟ್ಟಿ ಅಂಟಲ್ಲೇ ಮಾಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

ಅಷ್ಟು ಹುಳ ತುಳಿದಾಗಲೂ ಬಾರದ ವಾಕರಿಕೆ ಇನ್‌ಸ್ಪೆಕ್ಟರಮ್ಮನಿಗೆ ಈಗ ಗಂಟಲವರೆಗೆ ಬಂತು.

“ಹಲ್ಲು ಬರೋವಾಗ ಮಕ್ಕಳು ತೊಟ್ಟಿಲಿನ ಅಂಚು ಕಡೀತವೆ ಕಣೋ! ಇಲಿ ಮೂಸಿ ಬಿಟ್ಟದ್ದನ್ನ ಕೂಸಿನ ಬಾಯಿಗೆ ಇಡ್ತೀಯಾ? ಹಾಲು ಕುಡಿಸೋ ತಾಯಿನ ಜೈಲಿಗೆ ಕಳಿಸೋಕೆ ನನ್ನ ಮಾತು ಬೇಕಿತ್ತಾ ನಿನಗೆ? ಥೂ!”

ಹೊರಗೆ ಜೀಪು ನಿಂತಿತು. ತಮ್ಮ ಅವರ ಕೈ ಹಿಡಿದುಕೊಂಡ. “ಅಮ್ಮ ಹೋದ ಮೇಲೆ ತುತ್ತಿಟ್ಟು ಸಾಕಿದೋಳು ನೀನು. ನೀನೇ ಹಿಡಿದು ಕೊಡ್ತೀಯಾ?”

ಅವರು ಕೈ ಬಿಡಿಸಿಕೊಂಡು, ಹಳೆಯ ಕರ್ಚೀಫಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

“ಅಂಟಮ್ಮ, ನೀನು ಮನೆಗೆ ಹೋಗು. ಮಗು ಹಸಿದಿರುತ್ತೆ.”

ಅಂಟಮ್ಮ ತಿರುಗಿ ನೋಡದೆ ಓಡಿದಳು. “ಕರ್ಕೊಂಡು ಹೋಗಬೇಕಾದ್ದು ಇವನನ್ನ,” ಎಂದು ಇನ್‌ಸ್ಪೆಕ್ಟರಮ್ಮ ಒಳಬಂದ ಠಾಣೆಯವನಿಗೆ ತಮ್ಮನನ್ನು ತೋರಿಸಿದರು. ಅವನು ಅಕ್ಕನನ್ನೂ ತಮ್ಮನನ್ನೂ ನೋಡಿ ತಡವರಿಸಿದ.

“ಮೇಡಂ, ದೂರು ಕೊಟ್ಟವರು ಯಾರು ಅಂತ ಬರೀಲಿ?”

“ಅವನ ಅಕ್ಕ ಅಂತ ಬರೀಪ್ಪ.”