ಕೈ ಕೊಟ್ಟ ಮಾಸ್ತರ

“ಬಾಯಾರ, ಕೈ ಕೊಡ್ರಿ!”

ಗೋಕಾಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಎಲ್ಲರೆದುರು ಹೀಗಂದರೆ ಏನಾಗಬೇಡ? ಹೊಲಿಗೆ ಕಲಿಸುವ ಶಿಕ್ಷಕಿ ಪದ್ಮವ್ವ ಹೌಹಾರಿದಳು. ಅಂದವನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಕೇದಾರಿ. ಓದಿದ್ದು ಬೆಟ್ಟದಷ್ಟು, ಲೋಕಜ್ಞಾನ ಸಾಸಿವೆಯಷ್ಟೂ ಇಲ್ಲ!

“ನಮ್ಮೂರಾಗ ಕೈ ಕೊಟ್ಟಾಂವ ಅಂದ್ರ ನಡುನೀರಾಗ ಬಿಟ್ಟು ಓಡಿದಾಂವರಿ!”

“ಹಂಗಾರ... ಕೈ ಹಿಡೀಲೇನ್ರಿ?”

“ಅಯ್ಯ ಶಿವನ! ಅದಕ್ಕ ಲಗ್ನದ ಅಕ್ಕಿಕಾಳ ಬೇಕರಿ!”

ಉಳಿದ ಬಾಯಾರು ಸೆರಗು ಬಾಯಿಗೊತ್ತಿ ನಕ್ಕರು. ಕೇದಾರಿಯ ಕಿವಿ ಕೆಂಪಾಯಿತು. ಆ ಕೆಂಪು ಕಿವಿ ಪದ್ಮವ್ವನಿಗೆ ಯಾಕೋ ಇಷ್ಟವಾಗಿಬಿಟ್ಟಿತು...

ಅವನು ಕೈ ಕೇಳಿದ್ದು ಕುಣಿತಕ್ಕೆ. ಸ್ವಾತಂತ್ರ್ಯ ಬಂದರೂ ಊರಲ್ಲೇ ಉಳಿದಿದ್ದ ಗಿರಣಿಯ ಇಂಗ್ಲಿಷ್ ಸಾಹೇಬ ಈಗ ಗಂಟುಮೂಟೆ ಕಟ್ಟಿದ್ದ. ಹೊರಡುವ ಮುಂಚೆ ತನ್ನ ಮುತ್ತಜ್ಜಿ ಕುಣಿದ ಕುಣಿತವನ್ನು ನೋಡಬೇಕೆಂದು ಅವನ ಹೆಂಡತಿಗೆ ಆಸೆ. ಕೇದಾರಿಗೆ ಒಂದು ಹಳೆಯ ಪುಸ್ತಕ ಕೊಟ್ಟಿದ್ದಳು. ಕುಣಿತದ ರಾಗ, ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು, ಯಾರು ಯಾರ ಕೈ ಹಿಡಿಯಬೇಕು, ಇಷ್ಟೇ ಅದರಲ್ಲಿತ್ತು. ಹೆಜ್ಜೆ ಹೇಗೆ, ತಿರುಗಿ ಬರುವುದು ಹೇಗೆ, ಸುದ್ದಿಯೇ ಇಲ್ಲ!

ಪದ್ಮವ್ವನ ಅಪ್ಪ ಲಗಮಪ್ಪ ಗಿರಣಿಯ ಮೇಸ್ತ್ರಿ. ಸಾಹೇಬರಿಗೆ ಇಲ್ಲವೆನ್ನಲಾರದೆ ಮಗಳನ್ನು ಕುಣಿಯಲು ಕಳಿಸಿದ್ದ.

ಶಾಲೆ ಬಿಟ್ಟ ಮೇಲೆ ದಿನವೂ ಹುಡುಕಾಟ. ಪಿಟೀಲು ನುಡಿಯುತ್ತಿತ್ತು, ಮಾಸ್ತರರು, ಬಾಯಾರು ನಡೆದು ನೋಡುತ್ತಿದ್ದರು, ಎಡವುತ್ತಿದ್ದರು, ಜಗಳಾಡುತ್ತಿದ್ದರು. ಸಾಲಿನ ತುದಿ ಮುಟ್ಟಿದ ಗಂಡಸು ಮುಂದೇನು ಮಾಡಬೇಕು?

ಒಂದು ಸಂಜೆ ಕೇದಾರಿ ಕೂಗಿದ. “ತಾಳ ಇನ್ನೂ ಉಳದೈತಿ! ಅಂದ್ರ ಅಂವ ತಿರಿಗಿ ಬರಬೇಕು. ತನ್ನ ಜೋಡಿ ಹತ್ರನ ಬರಬೇಕು!”

ಹೇಳುವಾಗ ಅವನ ಕಣ್ಣು ಅವಳ ಮೇಲೆಯೇ ಇತ್ತು.

‘ಇಂವ ಕುಣಿತದ ಮಾತಾಡಾಕತ್ತಾನೋ, ನಂದೋ?’ ಪದ್ಮವ್ವನಿಗೆ ಬೇಕು, ಇವನೇ ಬೇಕು ಅನ್ನಿಸಿತು.

ಬೀಳ್ಕೊಡುಗೆಯ ದಿನ ಊರೇ ಸೇರಿತ್ತು. ಪದ್ಮವ್ವನ ಚಿಗವ್ವ, ಅವ್ವನ ತಂಗಿ ಕೆಂಪವ್ವ, ಮೂಡಲಗಿಯಿಂದ ಯಾರನ್ನೋ ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದಳು. ಹೆಣ್ಣು ನೋಡಲು ಬಂದವರೆಂದು ಪದ್ಮವ್ವನಿಗೆ ಯಾರೂ ಹೇಳಿರಲಿಲ್ಲ.

ಕೇದಾರಿ ಅವಳ ಕೈ ಬಿಟ್ಟು ಸಾಲಿನ ತುದಿಗೆ ಹೋದ. ತಾಳ ಉಳಿದಿತ್ತು. ಪದ್ಮವ್ವ ನಗುತ್ತ ಕೈ ಚಾಚಿದಳು.

ಅವನು ಬರಲಿಲ್ಲ!

ಅಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟ. ಚಾಚಿದ ಕೈ ಚಾಚಿದಂತೆಯೇ ಇತ್ತು...

“ಮಾಸ್ತರ ಕೈ ಕೊಟ್ನೋ!” ಹಿಂದಿನಿಂದ ಯಾರೋ ಕೂಗಿದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಕುಣಿತವೇ ಹೀಗೆಂದು ತಿಳಿದು ಸಾಹೇಬನ ಹೆಂಡತಿ ಚಪ್ಪಾಳೆ ತಟ್ಟಿದಳು.

ಮೂಡಲಗಿಯವರು ಎದ್ದರು. “ಒಬ್ಬಾಂವ ಬಿಟ್ಟ ಹುಡುಗಿ ನಮಗ್ಯಾಕ್ರಿ?”

ಮನೆಯಲ್ಲಿ ಅವ್ವ ಮಗಳ ಊಟದ ಗಂಗಾಳವನ್ನು ಹೊಸ್ತಿಲಾಚೆ ದೂಡಿದಳು. ಅಪ್ಪ ಅಂದ, “ನೀ ಸತ್ತಿದ್ರ ನಾಕ ದಿನ ಅತ್ತು ಸುಮ್ಮಾಗತಿದ್ವಿ.”

ಹೆತ್ತವರ ಬಾಯಿಂದ ಬರುವ ಮಾತೇ ಇದು? ಬಂತು. ಮುಂದೆಯೂ ದಿನಾ ಬಂತು.

ಒಂದು ಮುಂಜಾನೆ ಕೇದಾರಿ ಅಂಗಳದಲ್ಲಿ ನಿಂತಿದ್ದ.

“ಪದ್ಮಾ... ನಿಮ್ಮ ಚಿಗವ್ವ ಅವತ್ತ ಕಾಲ ಹಿಡದ್ಲು. ಹುಡುಗೀನ್ನ ನೋಡಾಕ ಮೂಡಲಗಿಯಿಂದ ಬಂದಾರ, ಎಲ್ಲಾರ ಮುಂದ ನೀವು ಮತ್ತ ಕೈ ಹಿಡದ್ರ ಬೀಗರು ಎದ್ದ ಹೋಗ್ತಾರ ಅಂದ್ಲು. ನಿನಗ ಚಲೋ ಆಗಲಿ ಅಂತ...”

“ನನ್ನ ಒಂದ ಮಾತು ಕೇಳಿದ್ರೇನು?”

ಕೇದಾರಿ ಒಂದು ಹೆಜ್ಜೆ ಮುಂದೆ ಬಂದ. ಪದ್ಮವ್ವ ಕೈ ಅಡ್ಡ ಹಿಡಿದಳು.

“ನನ್ನ ಬಾಳು ನೀವೂ ಚಿಗವ್ವನೂ ಕೂಡಿ ಮಾತಾಡಿ ಮುಗಿಸಿದ್ರಿ! ಈಗ್ಯಾಕ ಬಂದ್ರಿ? ಕರುಣಾ ಬಂತೇನು?”

“ಕರುಣಾ ಅಲ್ಲ. ನೀ ಇಲ್ದ ನನಗ ಇರಾಕ ಆಗೂದಿಲ್ಲ. ಹುಕ್ಕೇರಿಗೆ ಅಕ್ಕನ ಮನಿಗೆ ಹೋಗೂಣು. ಅಲ್ಲೇ ಲಗ್ನಾ ಆಗೂಣು.”

ಒಳಗಿನಿಂದ ಅಪ್ಪನ ದನಿ ಬಂತು. “ಹೋಗೂದಾದ್ರ ಈಗ ಹೋಗು. ತಿರಿಗಿ ಬಂದ್ರ ಈ ಮನ್ಯಾಗ ನಿನ್ನ ಮಾರಿ ನೋಡಾವ್ರು ಯಾರೂ ಇಲ್ಲ.”

ಪದ್ಮವ್ವ ಅವ್ವನ ಕಡೆ ನೋಡಿದಳು. ಅವ್ವ ಒಲೆಯ ಕಡೆ ಮುಖ ತಿರುವಿದಳು. ಅಷ್ಟಾದ ಮೇಲೆ ಇನ್ನೇನು ಉಳಿಯಿತು? ಪದ್ಮವ್ವ ಅಂಗಳಕ್ಕಿಳಿದಳು. ಹಿಂದೆ ಅಗಳಿ ಬಿದ್ದ ಸಪ್ಪಳ ಕೇಳಿತು.

ಹುಕ್ಕೇರಿ ಬಸ್ಸಿನಲ್ಲಿ ಸೀಟಿನ ತುಂಬ ಸೆರಗು ಹರಡಿ ಕೂತಳು. ಕೇದಾರಿ ನಿಂತೇ ಇದ್ದ.

“ನಿಮ್ಮನ್ನ ನಾ ಮಾಫ್ ಮಾಡಿಲ್ರಿ.”

“ಗೊತ್ತೈತಿ.”

“ದಿನಾ ಬೈತೇನಿ. ಮುದುಕಿ ಆದ್ರೂ ಬೈತೇನಿ!”

“ಬೈ ಪದ್ಮಾ... ಬಾಜೂಕ ಕುಂತ ಬೈ.”

ತಡೆದಿದ್ದ ಅಳು ಒಡೆದೇಬಿಟ್ಟಿತು. ಅಳುತ್ತಲೇ ಸೆರಗು ಎಳೆದುಕೊಂಡು ಕಿಟಕಿಗೆ ಸರಿದಳು.

“ಕುಂದರ್ರಿ ಹಂಗಾರ... ಜಾಗಾ ಐತಿ.”