ನಲವತ್ತೊಂದು ಚುಕ್ಕೆಗಳು

"ಅಂತೂ ನಮ್ಮ ಮುತ್ತಜ್ಜನಿಗೆ ರಟ್ಟಿನ ಅಂಗಿ ತೊಡಿಸಿಬಿಟ್ಟೆ!" ಎಂದ ಆಂಬ್ರೋಸ್.

ಒಡೆಟ್ ನಕ್ಕಳು. ಅವನು ಅವಳು ಅಚ್ಚು ಹಾಕಿಸಿ ತಂದ ಹೊಸ ಪುಸ್ತಕವನ್ನು ನೋಡದೆ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಿದ್ದೂ, ಗೊತ್ತಿಲ್ಲದವಳಂತೆ ಪಿಯಾನೋದ ಮುಂದೆ ಕೂತಳು.

ನ್ಯೂ ಆರ್ಲಿಯನ್ಸಿನ ಟ್ರೆಮೆ ಬಡಾವಣೆಯಲ್ಲಿ ಅಂದು ಸೋಮವಾರ. ಒಲೆಯ ಮೇಲೆ ಕೆಂಪು ಬೀನ್ಸ್ ಬೇಯುತ್ತಿತ್ತು. ಆಂಬ್ರೋಸ್ ಪಿಯಾನೋಗಳಿಗೆ ಶ್ರುತಿ ಮಾಡುವವನು. ಎಂಟು ತಿಂಗಳ ಹಿಂದೆ ಅತ್ತೆಯ ಮಂಚದಡಿಯ ಪೆಟ್ಟಿಗೆಯಲ್ಲಿ ಅವನಿಗೊಂದು ಕೈಬರಹದ ಕಟ್ಟು ಸಿಕ್ಕಿತ್ತು. ಅವನ ಮುತ್ತಜ್ಜ ಥಿಯೋಫಿಲ್ ಮಾರ್ಸೊಲನ್ ಬರೆದ ಕುಣಿತದ ಸಂಗೀತ ಅದು. ನೂರೈವತ್ತು ವರ್ಷಗಳ ಹಿಂದೆ ಊರಿನ ಕಪ್ಪು ಜನ ಅದಕ್ಕೆ ಹೆಜ್ಜೆ ಹಾಕಿದ್ದರು. ಆಮೇಲೆ ಅವನ ಹೆಸರೆತ್ತಿದವರಿಲ್ಲ.

"ಯಾರಿಗೂ ಕೊಡಬಾರದು ಅಂತಿದ್ದೆ. ನೀನು ನಮ್ಮೋಳು ಅಂತ ಕೊಡ್ತಿದೀನಿ," ಎಂದು ಅವನು ಅದನ್ನು ಒಡೆಟ್‌ಳ ಕೈಗಿಟ್ಟಿದ್ದ. ಅವಳು ಮೂರು ಬೀದಿಯಾಚೆ ಬೆಳೆದವಳು, ಈಗ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುವವಳು. ಅಂದಿನಿಂದ ಪ್ರತಿ ಸೋಮವಾರ ಕೈಬರಹದ ನೆಪ, ಊಟದ ನೆಪ.

"ನುಡಿಸು ಬೇಬಿ," ಎನ್ನುತ್ತ ಯೂಲಾಲಿ ಅತ್ತೆ ಅಡುಗೆಮನೆಯಿಂದ ಬಂದಳು. ಎಂಬತ್ತನಾಲ್ಕರ ಮುದುಕಿ. "ನಮ್ಮಜ್ಜಿ ಬಟ್ಟೆ ಒಣಹಾಕ್ತಾ ಇದನ್ನೇ ಗುನುಗಿ ನನ್ನ ಕುಣಿಸ್ತಿದ್ಲು. ಹೆಸರು ಮರೆತಿದೀನಿ, ಹೆಜ್ಜೆ ಮರೆತಿಲ್ಲ."

ಒಡೆಟ್ ನುಡಿಸಿದಳು. ಅತ್ತೆ ಬಲಗಾಲು ಎತ್ತಿದಳು, ಎಡವಿದಳು. ಮತ್ತೆ ಎತ್ತಿದಳು, ಮತ್ತೆ ಎಡವಿದಳು.

"ಇದ್ಯಾಕೆ ಪರೇಡಿನ ಪೊಲೀಸ್ ಥರ ನಡೀತಿದೆ? ನಾನು ಕಾಲು ಇಳಿಸೋ ಹೊತ್ತಿಗೆ ನಿನ್ನ ಸ್ವರ ಮನೆ ಸೇರಿರುತ್ತಲ್ಲೇ!"

ಆಂಬ್ರೋಸ್ ನಗುತ್ತಲೇ ಕೈಬರಹವನ್ನು ಪುಸ್ತಕದ ಪಕ್ಕಕ್ಕೆ ಇಟ್ಟುಕೊಂಡ. ನಗು ನಿಂತಿತು. ಎಡಗೈಯ ಎರಡನೆಯ ಸ್ವರ ತುಸು ತಡವಾಗಿ ಬರಲೆಂದು ಮುತ್ತಜ್ಜ ಮೊದಲ ಸ್ವರದ ಬಲಕ್ಕೆ, ಅದನ್ನು ಉದ್ದ ಮಾಡುವ ಚುಕ್ಕೆ ಇಟ್ಟಿದ್ದ. ಪುಸ್ತಕದಲ್ಲಿ ಚುಕ್ಕೆಗಳಿರಲಿಲ್ಲ. ಸ್ವರಗಳೆಲ್ಲ ಸಮಸಮವಾಗಿ ನಿಂತಿದ್ದವು.

ಅವನು ಮುನ್ನುಡಿ ತೆಗೆದು ನಿಧಾನವಾಗಿ ಓದಿದ: "'ಕ್ರಮಬದ್ಧ ಶಿಕ್ಷಣವಿಲ್ಲದ ಕಾರಣ ಆಗಿರುವ ನಲವತ್ತೊಂದು ತಪ್ಪುಗಳನ್ನು ತಿದ್ದಲಾಗಿದೆ.' ಇದು ನೀನು ಬರೆದದ್ದಾ?"

"ಹೂಂ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ನಮ್ಮ ಪ್ರೊಫೆಸರುಗಳು ನಗ್ತಾರೆ ಅನಿಸ್ತು. ನಿಮ್ಮ ಮುತ್ತಜ್ಜನನ್ನ ನೋಡಿ ಯಾರೂ ನಗಬಾರದು ಅಂತ..."

"ಅವರಿನ್ನೂ ನೋಡೇ ಇಲ್ಲ ಒಡೆಟ್. ನಗುವುದಿದ್ದರೆ ಮೊದಲು ನಕ್ಕವಳು ನೀನು."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳು ಜಗಳವಾಡಬಹುದಿತ್ತು.

ಊಟ ಮಾಡದೆ ಹೊರಟಳು. ವಾರವಿಡೀ ಮುಖ ತೊಳೆಯುವಾಗಲೂ ಕನ್ನಡಿ ನೋಡಲಾಗಲಿಲ್ಲ. ಒಂದೇ ತಪ್ಪು ನಲವತ್ತೊಂದು ಸಲ, ಒಂದೇ ರೀತಿಯಲ್ಲಿ, ಲಯದ ಒಂದೇ ಜಾಗದಲ್ಲಿ ಆಗಿದ್ದರೆ ಅದು ತಪ್ಪಲ್ಲ, ಉದ್ದೇಶ. ತನ್ನ ವಿದ್ಯಾರ್ಥಿಗಳಿಗೆ ಅವಳೇ ಇದನ್ನು ಹೇಳಿಕೊಟ್ಟಿದ್ದಳು. ಪ್ಯಾರಿಸ್ಸಿನ ಯಾವನೋ ಬರೆದಿದ್ದರೆ ಒಂದು ಚುಕ್ಕೆಯನ್ನೂ ಮುಟ್ಟುತ್ತಿರಲಿಲ್ಲ. ತನ್ನವನೇ, ತನ್ನ ಬಣ್ಣದವನೇ ಬರೆದನೆಂದು ಪೆನ್ಸಿಲ್ ಎತ್ತಿಕೊಂಡಿದ್ದಳು. ನೆನೆದಾಗಲೆಲ್ಲ ಕಿವಿಯ ತುದಿಯವರೆಗೂ ಬಿಸಿಯೇರುತ್ತಿತ್ತು.

ಭಾನುವಾರ ಚರ್ಚಿನ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ. ಮುಂದಿನ ಸಾಲಿನಲ್ಲಿ ಅವಳ ಪ್ರೊಫೆಸರುಗಳು. ಕೊನೆಯ ಸಾಲಿನಲ್ಲಿ ಅತ್ತೆಯೊಂದಿಗೆ ಆಂಬ್ರೋಸ್. ಅವನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಒಡೆಟ್ ಎದ್ದು ನಿಂತಳು. "ಈ ಪುಸ್ತಕ ಯಾರೂ ಕೊಳ್ಳಬೇಡಿ. ಇದರಲ್ಲಿ ಮಾರ್ಸೊಲನ್ ಅವರ ತಪ್ಪು ಒಂದೂ ಇಲ್ಲ. ನನ್ನವು ನಲವತ್ತೊಂದಿವೆ. ಅವರಿಗೆ ಬರೆಯೋಕೆ ಬರಲ್ಲ ಅಂದುಕೊಂಡೆ. ನನಗೆ ಓದೋಕೆ ಬಂದಿರಲಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಿಂದಿನಿಂದ ಅತ್ತೆ ಎಲ್ಲರಿಗೂ ಕೇಳುವಂತೆ, "ಮಾತು ಸಾಕು ಬೇಬಿ, ನುಡಿಸು!" ಎಂದಳು.

ಪ್ರದರ್ಶನಕ್ಕಿಟ್ಟಿದ್ದ ಕೈಬರಹವನ್ನು ಅವಳು ಪಿಯಾನೋದ ಮೇಲಿಟ್ಟಳು. ಮೊದಲ ಪುಟ ಮುಗಿಯಿತು. ಹಳೆಯ ಕಾಗದ ಹರಿದೀತೆಂದು ಕೈ ತಡೆಯಿತು. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಕೈ ಬಂದು, ಮಲಗಿದ ಮಗುವಿನ ಹೊದಿಕೆ ಸರಿಸುವಷ್ಟು ಮೆಲ್ಲಗೆ ಪುಟ ತಿರುವಿತು. ಅವಳು ತಲೆ ಎತ್ತಲಿಲ್ಲ. ಕೊನೆಯ ಪುಟದವರೆಗೂ ಆ ಕೈ ಅಲ್ಲೇ ಇತ್ತು.

ಎಲ್ಲರೂ ಹೋದಮೇಲೆ ಮೆಟ್ಟಿಲ ಮೇಲೆ ಇಬ್ಬರೇ.

"ನಾನು ಪುಟ ತಿರುವೋವಾಗ ನೀನು ತಲೆ ಎತ್ತಲೇ ಇಲ್ಲ," ಎಂದ.

"ನಾಚಿಕೆಗೆ. ಪ್ರತಿ ಸೋಮವಾರ ನಿನ್ನ ಮನೆಯ ಅನ್ನ ತಿಂತಾ, ನಿನ್ನನ್ನ ಪ್ರೀತಿಸ್ತಾ, ಆ ಚುಕ್ಕೆಗಳನ್ನ ಅಳಿಸ್ತಾ ಕೂತಿದ್ದೆ."

ಆಂಬ್ರೋಸ್ ಮೇಲಿನ ಮೆಟ್ಟಿಲಿನಿಂದ ಅವಳ ಕಡೆ ಬಗ್ಗಿದ. "ನಡುವೆ ಏನೋ ಒಂದು ಮಾತು ಹೇಳಿದೆಯಲ್ಲ?"

"ಕೇಳಿಸ್ತಲ್ಲ, ಸುಮ್ನಿರು." ಅವಳು ಮುಖ ತಿರುಗಿಸಿಕೊಂಡಳು. "ಈ ನಾಚಿಕೆ ಬೇಗ ಹೋಗೋದಲ್ಲ ಆಂಬ್ರೋಸ್. ಬಹಳ ದಿನ ಇರುತ್ತೆ."

"ಇರಲಿ," ಎಂದು ಅವನು ಒಂದು ಮೆಟ್ಟಿಲು ಇಳಿದು ಅವಳ ಪಕ್ಕ ಕೂತ. "ನಾನೂ ಇರ್ತೀನಿ."