ಆರನೆಯ ಸಾಲು

“ಇದರಲ್ಲಿರೋದು ಜೇನಿನ ವಾಸನೆನೋ, ಹಳೇ ಮರದ್ದೋ?” ಮ್ಯಾನ್‌ಹಟನ್ನಿನಲ್ಲಿ ಅವತ್ತಿನ ಮೂರನೇ ಪಬ್ಬಿನಲ್ಲಿ ಗ್ಲಾಸಿಗೆ ಮೂಗು ತೂರಿಸಿ ಬದರೀನಾಥ ಕೇಳಿದ. ನನ್ನನ್ನಲ್ಲ, ಯಾರನ್ನೂ ಅಲ್ಲ. ಪೀಪಾಯಿಯಿಂದ ಕೈಪಂಪಿನಲ್ಲಿ ಎತ್ತಿದ ಏಲ್ ಬಿಯರು ಅವನಿಗೆ ತೀರ್ಥ. ನನಗದು ಹುಳಿ ಬಂದ ಗಂಜಿ. ಕುಡಿಯದ ನಾನು ಅವನನ್ನು ನಮ್ಮೂರು ಬಾಸ್ಕಿಂಗ್ ರಿಡ್ಜ್‌ಗೆ ವಾಪಸ್ ಡ್ರೈವ್ ಮಾಡಿಕೊಂಡು ಹೋಗಲು ಬಂದವನು.

“ನೀವು ಸೋಡಾನೇ ಕುಡೀರಿ, ಭಟ್ರೇ!” ಎಂದು ನಕ್ಕ. ಒಂದು ಕನ್ನಡ ಪದ್ಯ ನೆಟ್ಟಗೆ ಹೇಳಲು ಬಾರದ ನಾಲಗೆಗೆ ಎಷ್ಟು ಜಂಬ ಎಂದುಕೊಂಡೆ.

ಮಧ್ಯಾಹ್ನ ಮೂರು ಗಂಟೆ. ಅವನು ಎರಡು ಸಲ ಸಣ್ಣಗೆ ಕೆಮ್ಮಿದ, ಪದ್ಯ ಎತ್ತುವ ಮುಂಚೆ ನಮ್ಮಪ್ಪ ಕೆಮ್ಮುತ್ತಿದ್ದ ಹಾಗೆ. ಆಮೇಲೆ ಕಣ್ಣು ಮುಚ್ಚಿ, ಅಪ್ಪ ಪೂಜೆಗೆಂದು ತಾವೇ ಕಟ್ಟಿ ಎಲ್ಲೂ ಬರೆದಿಡದ ಷಟ್ಪದಿಯನ್ನು ಅಪ್ಪನ ರಾಗದಲ್ಲೇ ಹಾಡಿದ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಬದರಿ ಅವರನ್ನು ನೋಡಿದವನೇ ಅಲ್ಲ. ಅವನ ಗ್ಲಾಸು ಮುಟ್ಟಿದೆ. ಆಗಷ್ಟೇ ಕಾಸಿದ ಹಾಲಿನಷ್ಟು ಬಿಸಿಯಾಗಿತ್ತು.

ಐದು ಸಾಲಿಗೆ ನಿಲ್ಲಿಸಿದ. ನಾನು ಮರೆತು, ಇಷ್ಟು ವರ್ಷ ಹುಡುಕುತ್ತಿದ್ದದ್ದು ಆರನೆಯದನ್ನೇ. ನಾಚಿಕೆ ಬಿಟ್ಟು ಅವನ ಕೈ ಹಿಡಿದೆ.

“ಕೊನೇ ಸಾಲು ಹೇಳಿ, ಕೈ ಮುಗೀತೀನಿ.”

ಅವನು ಕಣ್ಣು ತೆರೆಯಲಿಲ್ಲ.

“ಹೆಂಡ ಕುಡಿದ ಈ ಬಾಯಲ್ಲಿ ಹೇಳಲ್ಲ,” ಎಂದ.